ಐದೂವರೆಯಿಂದ ನಾಲ್ಕೂವರೆಗೆ

ಭಾನುವಾರ ಬೆಳಿಗ್ಗೆ 7.30. ನಾಲ್ಕು ತಿಂಗಳಿಂದ ಪಾಠಕ್ಕೆ ಬಾರದಿದ್ದ ವಿದ್ಯಾರ್ಥಿನಿ ಚಪ್ಪಲಿ ಬಿಡುತ್ತಲೇ ಹೇಳಿದರು: "ಮೇಷ್ಟ್ರೇ, ಹಾಡೋ ಆಸೇನೇ ಹೋಗ್ಬಿಟ್ಟಿದೆ. ಇನ್ನು ಬರೋದಿಲ್ಲ ಅಂತ ಹೇಳಿ ಹೋಗೋಣ ಅಂತ ಬಂದೆ." ವಯಸ್ಸು ಐವತ್ತರ ಹತ್ತಿರ. ಕಂಕುಳಲ್ಲಿ ಪಾಠದ ಪುಸ್ತಕ ಇತ್ತು. ನಿಜವಾಗಿ ಬಿಡುವವರು ಪುಸ್ತಕ ತರುವುದಿಲ್ಲ.

"ಬನ್ನಿ, ಕೂತ್ಕೊಳಿ. ಹೇಳೋದು ಆಮೇಲೆ ಹೇಳೋರಂತೆ. ಮೊದಲು ಶ್ರುತಿ ಹಾಕಿ."

ಸಂಗೀತ ಬಿಡುವವರು ಎಲ್ಲೆಂದರಲ್ಲಿ ಬಿಡುವುದಿಲ್ಲ, ಅದಕ್ಕೂ ಕೆಲವು ಗೊತ್ತಾದ ತಾಣಗಳಿವೆ. ಮಕ್ಕಳು ಸಂಗೀತದ ಜೂನಿಯರ್ ಪರೀಕ್ಷೆ ಮುಗಿದ ವಾರ ಬಿಡುತ್ತಾರೆ. ವರ್ಷವಿಡೀ ಪಠ್ಯಕ್ಕಾಗಿ ಹಾಡಿದವರಿಗೆ ಪಠ್ಯ ಮುಗಿದ ಮೇಲೆ ಹಾಡಲು ಕಾರಣವೇ ಉಳಿದಿರುವುದಿಲ್ಲ. ಹುಡುಗರು ಗಂಟಲು ಒಡೆಯುವಾಗ ಬಿಡುತ್ತಾರೆ. ದೊಡ್ಡವರಾದ ಮೇಲೆ ಕಲಿಯಲು ಬಂದವರು ವರ್ಣದಲ್ಲಿ, ಅಂದರೆ ಗೀತೆಗಳಾದ ಮೇಲೆ ಬರುವ ಉದ್ದದ ರಚನೆಯಲ್ಲಿ, ಬಿಡುತ್ತಾರೆ. ಸರಳೆ, ಜಂಟಿ, ಅಲಂಕಾರ, ಗೀತೆ ಇವೆಲ್ಲ ಸಣ್ಣ ಸಣ್ಣ ಮೆಟ್ಟಿಲು. ವಾರಕ್ಕೊಂದು ಹೊಸದು ಸಿಗುತ್ತದೆ. ವರ್ಣಕ್ಕೆ ಬಂದಾಗ ಮೂರು ತಿಂಗಳಾದರೂ ಅದೇ ರಾಗ, ಅದೇ ಸಾಲು. ಇವರು ನಿಂತದ್ದೂ ಮೋಹನ ರಾಗದ ಆದಿತಾಳ ವರ್ಣದಲ್ಲೇ.

ಫೋನಿನ ತಂಬೂರಿ ಶುರುವಾಯಿತು. ಐದೂವರೆ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹಾಡಿನ ಷಡ್ಜ, ಅಂದರೆ 'ಸ', ನಿಲ್ಲುವ ಎತ್ತರ ಅದು; ಅಂಕೆ ಇಳಿದಷ್ಟೂ ಶ್ರುತಿ ತಗ್ಗು. ಇಪ್ಪತ್ತೆರಡರ ವಯಸ್ಸಿನಲ್ಲಿ ಮೊದಲ ಸಲ ಕಲಿತಾಗ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡ ಅಂಕೆ ಅದು, ಇವತ್ತಿಗೂ ಅದೇ. "ಅಕಾರದಲ್ಲಿ ತಾರ ಷಡ್ಜ ಹಿಡೀರಿ" (ಅಂದರೆ ಬರೀ 'ಆ' ಅನ್ನುತ್ತ ಮೇಲಿನ 'ಸ') ಅಂದದ್ದೇ ತಡ, ಗದ್ದ ಎರಡು ಬೆರಳಷ್ಟು ಮೇಲೆದ್ದಿತು, ಕತ್ತಿನ ನರ ಕಂಡಿತು, ಹುಬ್ಬು ಸೇರಿತು. ಸ್ವರ ಸೇರಿತು, ನಿಜ. ಆದರೆ ಆ ವರ್ಣದಲ್ಲಿ ತಾರ ಗಾಂಧಾರ, ಅದಕ್ಕೂ ಮೇಲಿನ 'ಗ', ಬರುತ್ತದೆ. ಷಡ್ಜಕ್ಕೇ ಇಷ್ಟು ಕಷ್ಟವಾದರೆ ಗಾಂಧಾರಕ್ಕೆ ಏನು ಉಳಿದೀತು? ದಿನಾ ಬೆಳಿಗ್ಗೆ ಕೂತಾಗ ಆ ಜಾಗ ಬರುತ್ತದೆ ಅನ್ನುವ ಹೆದರಿಕೆ ಹತ್ತು ನಿಮಿಷ ಮೊದಲೇ ಗಂಟಲನ್ನು ಹಿಡಿದಿರುತ್ತದೆ. ಇದನ್ನೇ ಜನ ಆಸಕ್ತಿ ಹೋಯಿತು ಅನ್ನುತ್ತಾರೆ, ಸೋಮಾರಿತನ ಅಂತ ತಮ್ಮನ್ನೇ ಬೈದುಕೊಳ್ಳುತ್ತಾರೆ. ಆಸೆ ಹೋಗಿದೆ ಅಂದವರಲ್ಲಿ ಮೊದಲು ಅನುಮಾನಿಸಬೇಕಾದ್ದು ಶ್ರುತಿಯನ್ನು. ಮನಸ್ಸಿನ ವಿಚಾರ ಆಮೇಲೆ.

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹಾರ್ಮೋನು ಬದಲಾಗಿ ಹೆಂಗಸರ ಧ್ವನಿತಂತುಗಳು ಸ್ವಲ್ಪ ದಪ್ಪವಾಗುತ್ತವೆ, ಧ್ವನಿ ಕೆಳಗಿಳಿಯುತ್ತದೆ. ಅದು ರೋಗವೂ ಅಲ್ಲ, ಸಾಧನೆ ಕಡಿಮೆಯಾದದ್ದರ ಶಿಕ್ಷೆಯೂ ಅಲ್ಲ. ಕಛೇರಿ ಹಾಡುವ ದೊಡ್ಡವರೂ ವಯಸ್ಸಾದಂತೆ ಶ್ರುತಿ ಇಳಿಸಿಕೊಳ್ಳುತ್ತಾರೆ. ಮನೆಯಲ್ಲಿ ಹಾಡುವವರಿಗೇ ಶ್ರುತಿ ಇಳಿದರೆ ಮರ್ಯಾದೆ ಇಳಿಯಿತು ಅನ್ನುವ ಭಾವ.

ಹುಡುಗರದು ಇನ್ನೂ ಜೋರಾದ ಕಥೆ. 12ರಿಂದ 15ರ ನಡುವೆ ಧ್ವನಿ ಹೆಚ್ಚುಕಡಿಮೆ ಒಂದು ಸ್ಥಾಯಿಯೇ, ಅಂದರೆ ಒಂದು 'ಸ'ದಿಂದ ಇನ್ನೊಂದು 'ಸ'ದಷ್ಟು ದೂರ, ಇಳಿಯುತ್ತದೆ. ಆ ಕೆಲವು ತಿಂಗಳು ನಾಲ್ಕೈದು ಸ್ವರ ಮಾತ್ರ ನೆಟ್ಟಗೆ ಬರುತ್ತವೆ. ಆಗ ಹಳೆಯ ಶ್ರುತಿಯಲ್ಲೇ ಹಾಡಿಸಿದರೆ ಹುಡುಗ ಮತ್ತೆ ಪಾಠದ ಕಡೆ ತಲೆ ಹಾಕುವುದಿಲ್ಲ. ಬಂದಷ್ಟು ಸ್ವರದಲ್ಲಿ ಹಾಡಿಸಿ, ಉಳಿದ ಹೊತ್ತು ತಾಳ, ಲಯ, ಸ್ವರ ಬರೆಯುವುದು ಅಂತ ಕಳೆದರೆ ದಾಟಿಬಿಡುತ್ತಾನೆ.

ಶ್ರುತಿ ಗೊತ್ತುಮಾಡುವ ಬಗೆ ಸುಲಭ. ಬೆಳಿಗ್ಗೆ ಎದ್ದ ಕೂಡಲೇ ಬೇಡ, ನಿದ್ದೆಯಿಂದೆದ್ದ ಗಂಟಲು ಊದಿಕೊಂಡು ತಗ್ಗಿರುತ್ತದೆ, ತಪ್ಪು ಲೆಕ್ಕ ಕೊಡುತ್ತದೆ. ಒಂದು ಗಂಟೆ ಮಾತಾಡಿದ ಮೇಲೆ ನೋಡಬೇಕು. ಅಕಾರದಲ್ಲಿ ಕೆಳಗೆ ಮಂದ್ರ ಪಂಚಮ, ಅಂದರೆ ಕೆಳಗಿನ 'ಪ', ಮೆತ್ತಗಾದರೂ ಕೇಳಬೇಕು, ಮೇಲೆ ತಾರ ಗಾಂಧಾರವನ್ನು ಗದ್ದ ಎತ್ತದೆ ನಾಲ್ಕು ಎಣಿಕೆಯ ಕಾಲ ನಿಲ್ಲಿಸಬೇಕು. ಮೇಲೆ ಕಷ್ಟವಾದರೆ ಅರ್ಧ ಇಳಿಸಿ, ಕೆಳಗೆ ಬರೀ ಗಾಳಿ ಬಂದರೆ ಅರ್ಧ ಏರಿಸಿ. ಐದೂವರೆಯಿಂದ ಐದಕ್ಕೆ ಇಳಿಸಿದಾಗ ಇವರ ಹುಬ್ಬು ಬಿಟ್ಟಿತು. ನಾಲ್ಕೂವರೆಯಲ್ಲಿ ಗದ್ದ ಇಳಿಯಿತು. ತಾರ ಗಾಂಧಾರ ಕೂತಿತು. "ಅಯ್ಯೋ, ಇಷ್ಟೇನಾ?" ಅಂದರು, ಸ್ವಲ್ಪ ಸಿಟ್ಟಿನಲ್ಲೇ.

ಹೊಸ ಶ್ರುತಿ ಹಾಕಿದ ಮೇಲೆ ಎರಡು ನಿಮಿಷ ಹಾಡುವುದೇ ಬೇಡ, ಬರೀ ಕೇಳುವುದು. ತಂಬೂರಿಯ ಮಂದ್ರ ಷಡ್ಜದ ತಂತಿ ಮಿಡಿದು ಕ್ಷೀಣಿಸುವಾಗ, ಯಾರೂ ಮೀಟದ ಒಂದು ಸ್ವರ ಮೇಲೆ ತೇಲಿ ಬರುತ್ತದೆ. ಅದೇ ಅಂತರ ಗಾಂಧಾರ; ಹಳಬರು ಸ್ವಯಂಭೂ ಗಾಂಧಾರ ಅನ್ನುತ್ತಾರೆ. ಮೊದಲು ಕೇಳಿಸುವುದಿಲ್ಲ, ಒಮ್ಮೆ ಕೇಳಿಸಿದರೆ ಕಿವಿ ಅದನ್ನು ಬಿಡುವುದಿಲ್ಲ. ಮೋಹನಕ್ಕೆ ಬೇಕಾದ್ದೂ ಅದೇ ಗಾಂಧಾರ. ಹಾರ್ಮೋನಿಯಂನ ಮನೆಯಲ್ಲಿ ಸಿಗುವ ಗಾಂಧಾರ ಇದಕ್ಕಿಂತ ಕೂದಲೆಳೆಯಷ್ಟು ಮೇಲಿರುತ್ತದೆ. ಹಾರ್ಮೋನಿಯಂ ಒತ್ತಿಕೊಂಡು ಕಲಿತವರಿಗೆ ತಂಬೂರಿಯ ಜೊತೆ ಹಾಡುವಾಗ ಆಗುವ ಗಲಿಬಿಲಿಗೆ ಒಂದು ಕಾರಣ ಇದು. ತಂಬೂರಿ ಎಷ್ಟು ಜೋರಿರಬೇಕು? ನಾವು ಹಾಡುವಾಗಲೂ ಹಿಂದೆ ಕೇಳುತ್ತಿರಬೇಕು. ಪೂರ್ತಿ ಮುಳುಗಿಹೋದರೆ ನಾವು ಕಿರುಚುತ್ತಿದ್ದೇವೆ ಅಂತಲೇ.

ಬಿಟ್ಟು ಹಿಡಿದ ಗಂಟಲನ್ನು ನೇರ ವರ್ಣಕ್ಕೆ ನೂಕಬಾರದು. ಬಾಯಿ ಮುಚ್ಚಿ, ಹಲ್ಲು ಬಿಡಿಸಿಟ್ಟು, 'ಮ್' ಅಂತ ಮಧ್ಯ ಷಡ್ಜದಿಂದ ಮಂದ್ರ ಪಂಚಮದವರೆಗೆ ಇಳಿದು ಬರುವುದು ಮೂರು ನಿಮಿಷ. ತುಟಿ ಅದುರಬೇಕು, ಗಂಟಲು ಉಜ್ಜಬಾರದು. ಆಮೇಲೆ ಮಕ್ಕಳು ಬಸ್ ಓಡಿಸುವಾಗ ಮಾಡುತ್ತಾರಲ್ಲ, ತುಟಿ ಬುರ್ರ್ ಅನ್ನಿಸುವುದು, ಅದರಲ್ಲೇ ಸರಿಗಪ ಹತ್ತಿ ಇಳಿಯುವುದು ಎರಡು ನಿಮಿಷ. ತುಟಿ ನಿಂತುಹೋದರೆ ಉಸಿರು ಸಮನಾಗಿ ಬರುತ್ತಿಲ್ಲ. ತುಟಿ ಅದುರದವರು ಅರ್ಧ ಲೋಟ ನೀರಿನಲ್ಲಿ ಎರಡು ಬೆರಳಷ್ಟು ಸ್ಟ್ರಾ ಮುಳುಗಿಸಿ, 'ಊ' ಅನ್ನುತ್ತ ಗುಳ್ಳೆ ಎಬ್ಬಿಸಬಹುದು. ಬಾಯಿಯ ಕಡೆ ತಡೆ ಇದ್ದಾಗ ಧ್ವನಿತಂತುಗಳು ಒಂದಕ್ಕೊಂದು ಜೋರಾಗಿ ಬಡಿಯುವುದಿಲ್ಲ, ಅದಕ್ಕೇ ಈ ಗುಳ್ಳೆಯಾಟ. ಇವರು ನಕ್ಕರು. ನಗುವಾಗ ಹೊಟ್ಟೆ ಕುಣಿದ ಜಾಗ ಯಾವುದೋ ಉಸಿರು ಹೊರಡಬೇಕಾದ ಜಾಗವೂ ಅದೇ. ಕೈಯಿಟ್ಟು ನೋಡಿಕೊಳ್ಳಲು ಒಳ್ಳೆಯ ಹೊತ್ತು.

ನೀರಿನ ವಿಷಯ. ಹಾಡುವ ಮುಂಚೆ ಗಟಗಟ ಕುಡಿದರೆ ಗಂಟಲು ನೆನೆಯುತ್ತದೆ ಅನ್ನುವುದು ಅರ್ಧ ಸತ್ಯ. ಕುಡಿದ ನೀರು ಧ್ವನಿತಂತುಗಳನ್ನು ಮುಟ್ಟುವುದೇ ಇಲ್ಲ, ಅದರ ದಾರಿ ಬೇರೆ. ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ನಿಧಾನಕ್ಕೆ ತಲುಪಬೇಕು. ಹಾಗಾಗಿ ಇವತ್ತಿನ ಸಾಧನೆಗೆ ನಿನ್ನೆಯಿಂದಲೇ ನೀರು. ಪಾಠಕ್ಕೆ ಮುಂಚೆ ಹಾಲು ಹಾಕಿದ ಕಾಫಿ ಕುಡಿದರೆ ಹಲವರಿಗೆ ಗಂಟಲು ಅಂಟಂಟು. ಬೆಳಿಗ್ಗೆ ದಿನಾ ಕೆಮ್ಮಿ ಕೆರೆದುಕೊಳ್ಳಬೇಕಾಗಿ ಬಂದರೆ ರಾತ್ರಿಯ ಊಟ ನೋಡಬೇಕು. ತಡವಾಗಿ ಉಂಡು ಮಲಗಿದರೆ ಹುಳಿ ಮೇಲೆ ಬಂದು ಗಂಟಲು ಸುಡುತ್ತದೆ. ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ ಇಟ್ಟರೆ ಎಷ್ಟೋ ಜನರ 'ಕಫ' ಮಾಯ. ಮೂರು ವಾರಕ್ಕಿಂತ ಹೆಚ್ಚು ಗೊಗ್ಗರು ಉಳಿದರೆ ಮಾತ್ರ ಕಷಾಯದಲ್ಲಿ ಕಾಲ ಕಳೆಯದೆ ಕಿವಿ ಮೂಗು ಗಂಟಲು ಡಾಕ್ಟರಿಗೆ ತೋರಿಸಬೇಕು.

ಒಂದೊಂದು ಸ್ವರವನ್ನೂ ಜೋಡಿಯಾಗಿ ಹಾಡುವ ಜಂಟಿ ವರಸೆಯಲ್ಲಿ ಎರಡೇ ಸಾಲು ಸಾಕು, ಐದು ನಿಮಿಷ. ಎಲ್ಲ ವರಸೆಯನ್ನೂ ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಮುಗಿಸಿಯೇ ಏಳಬೇಕು ಅನ್ನುವ ಹಟ ಬಿಟ್ಟುಹೋದ ಆಸೆಯನ್ನು ಇನ್ನಷ್ಟು ದೂರ ಓಡಿಸುತ್ತದೆ. ಆ ಎರಡು ಸಾಲಿನಲ್ಲಿ ಒಂದನ್ನೇ ನೋಡಬೇಕು: ಜೋಡಿಯ ಎರಡನೇ ಸ್ವರದ ಒತ್ತು ಹೊಟ್ಟೆಯಿಂದ ಬರುತ್ತಿದೆಯಾ, ಗಂಟಲಿನಿಂದಲಾ. ಗಂಟಲಿನಿಂದ ಬಂದರೆ 'ಕ್' ಅನ್ನುವ ಸಣ್ಣ ಸದ್ದು ಕೇಳುತ್ತದೆ, ಹತ್ತು ನಿಮಿಷದಲ್ಲಿ ಉರಿ ಶುರು.

ಇನ್ನು ವರ್ಣ. ಪುಸ್ತಕ ತೆಗೆಸಿದರೆ ಪಲ್ಲವಿಯ ಪುಟ ಮಾಸಿ, ಮೂಲೆ ಮಡಿಸಿ, ಎಣ್ಣೆ ಕಲೆಯಾಗಿತ್ತು. ಕೊನೆಯ ಎತ್ತುಗಡೆ ಸ್ವರದ, ಅಂದರೆ ಚರಣದ ಸಾಲಾದ ಮೇಲೆ ಹಾಡುವ ಸ್ವರಗಳ, ಪುಟ ಹೊಸ ನೋಟಿನ ಹಾಗಿತ್ತು. ಎಲ್ಲ ಗೊತ್ತಾಗಲು ಅಷ್ಟು ಸಾಕು. ದಿನಾ ಮೊದಲಿನಿಂದ ಶುರುಮಾಡುತ್ತೇವೆ, ತಪ್ಪಿದಲ್ಲಿ ನಿಲ್ಲುತ್ತೇವೆ, ಮತ್ತೆ ಮೊದಲಿನಿಂದ. ಪಲ್ಲವಿಯನ್ನು ಮುನ್ನೂರು ಸಲ ಹಾಡಿದ್ದರೆ ಕೊನೆಯ ಸ್ವರವನ್ನು ಮೂವತ್ತು ಸಲವೂ ಹಾಡಿರುವುದಿಲ್ಲ, ಅದೂ ಉಸಿರು ಸೋತ ಹೊತ್ತಿನಲ್ಲಿ. ಅಂದರೆ ಹಾಡುತ್ತ ಹೋದಂತೆ ಗೊತ್ತಿಲ್ಲದ್ದರ ಕಡೆಗೇ ನಡಿಗೆ. ಮನಸ್ಸು ಒಲ್ಲೆ ಅನ್ನದೆ ಏನು ಮಾಡೀತು?

ಹಿಂದಿನಿಂದ ಹಿಡಿಯಬೇಕು. ಕೊನೆಯ ಎತ್ತುಗಡೆ ಸ್ವರದ ಕೊನೆಯ ಆವರ್ತ, ಅಂದರೆ ತಾಳದ ಒಂದು ಪೂರ್ತಿ ಸುತ್ತು, ಮೊದಲು. ಲಯ ನಿಮಿಷಕ್ಕೆ 40 ಎಣಿಕೆ. ಆದಿತಾಳದ ಎಂಟು ಎಣಿಕೆಗೆ 12 ಸೆಕೆಂಡು, ಐದು ಸಲ ಹಾಡಿದರೂ ಒಂದೇ ನಿಮಿಷ. ಮೊದಲ ಸಲ ತಾಳ ಹಾಕಿಕೊಂಡು ಸ್ವರವನ್ನು ಬರೀ ಮಾತಿನಲ್ಲಿ ಹೇಳುವುದು, ಎರಡನೆಯದು ಹಾಡುವುದು, ಮೂರನೆಯದು ಅಕಾರ, ನಾಲ್ಕು ಐದು ಮತ್ತೆ ಸ್ವರ. ತಪ್ಪಿದರೆ ಪೂರ್ತಿ ಆವರ್ತ ಬೇಡ, ತಪ್ಪಿದ ಸ್ವರದ ಹಿಂದಿನ ಮೂರು, ಮುಂದಿನ ಒಂದು ಅಷ್ಟನ್ನೇ ತಿರುಗಿಸುವುದು. ತಪ್ಪು ಇರುವುದು ಸಾಮಾನ್ಯವಾಗಿ ಆ ಸ್ವರದಲ್ಲಲ್ಲ, ಅದಕ್ಕೆ ಹಾರುವ ದಾರಿಯಲ್ಲಿ. ಕೂತ ಮೇಲೆ ಅದರ ಹಿಂದಿನ ಆವರ್ತ ಸೇರಿಸುವುದು. ಹೀಗೆ ಮಾಡಿದಾಗ ಪ್ರತಿ ಸಲವೂ ಹೊಸದರಿಂದ ಹೊರಟು ಗೊತ್ತಿರುವ ಜಾಗಕ್ಕೆ ಬಂದು ಇಳಿಯುತ್ತೇವೆ. ಎತ್ತುಗಡೆ ಸ್ವರದ ಸುಖವೂ ಅದೇ ತಾನೆ, ಎಲ್ಲೆಲ್ಲೋ ಸುತ್ತಿ ಚರಣದ ಸಾಲಿಗೆ ಬಂದು ಬೀಳುವುದು. ಇವರು ನಾಲ್ಕನೇ ಸಲಕ್ಕೆ ಆ ಸಾಲಿಗೆ ಬಂದು ಬಿದ್ದಾಗ ಗಡಿಯಾರ ನೋಡುವುದನ್ನು ಮರೆತಿದ್ದರು.

ಪಾಠ ಹೇಳುವವರ ತಪ್ಪೂ ಇದೆ, ಹೇಳಬೇಕು. ಹಾಡುವವರು ಒಂದು ಸಾಲು ಮುಗಿಸುವುದರೊಳಗೆ ಮೂರು ಕಡೆ ನಿಲ್ಲಿಸಿ ತಿದ್ದಿದರೆ ಅವರಿಗೆ ಹಾಡು ಕೇಳಿಸುವುದೇ ಇಲ್ಲ, ತಿದ್ದುಪಡಿ ಮಾತ್ರ ಕೇಳಿಸುತ್ತದೆ. ಆವರ್ತಕ್ಕೆ ಒಂದು ತಿದ್ದುಪಡಿ, ಅದೂ ಆವರ್ತ ಮುಗಿದ ಮೇಲೆ. ಕೂತಾಗಲೆಲ್ಲ ಕೊನೆಯ ಐದು ನಿಮಿಷ ಯಾರೂ ತಿದ್ದದ ಒಂದು ದೇವರನಾಮ, ಪಲ್ಲವಿ ಮತ್ತು ಒಂದು ಚರಣವಾದರೂ, ಪೂರ್ತಿಯಾಗಿ ಹಾಡಬೇಕು.

ಆನ್‌ಲೈನ್ ಪಾಠದಲ್ಲಿ ಹಾಡುವ ಸುಖ ಇನ್ನೂ ಕಡಿಮೆ. ಅಮೆರಿಕದಲ್ಲೋ ಲಂಡನ್ನಿನಲ್ಲೋ ಕೂತ ಮಗುವಿನ ಧ್ವನಿ ತಡವಾಗಿ ಬರುವುದರಿಂದ ಗುರು ಶಿಷ್ಯರು ಕೂಡಿ ಹಾಡಲು ಆಗುವುದೇ ಇಲ್ಲ. ಸಾಲದ್ದಕ್ಕೆ ವಿಡಿಯೋ ಕರೆಯ ಸಾಫ್ಟ್‌ವೇರು ತಂಬೂರಿಯನ್ನು ಫ್ಯಾನಿನ ಸದ್ದು ಅಂದುಕೊಂಡು ಅಳಿಸಿಹಾಕುತ್ತದೆ, ಉದ್ದ ಹಿಡಿದ ಸ್ವರವನ್ನೂ ನಡುನಡುವೆ ನುಂಗುತ್ತದೆ. ಜೂಮಿನಲ್ಲಿ 'ಒರಿಜಿನಲ್ ಸೌಂಡ್' ಅನ್ನುವ ಆಯ್ಕೆ ಹಾಕಿಕೊಂಡರೆ ಈ ಕಾಟ ಬಹಳ ಮಟ್ಟಿಗೆ ತಪ್ಪುತ್ತದೆ. ಕೂಡಿ ಹಾಡುವ ಸುಖಕ್ಕೆ ಗುರುಗಳು ಮಗುವಿನ ಶ್ರುತಿಯಲ್ಲೇ ಹಾಡಿ ಕಳಿಸಿದ ರೆಕಾರ್ಡಿಂಗ್ ಹಾಕಿಕೊಳ್ಳಬೇಕು. ಗುರುಗಳ ಶ್ರುತಿಯಲ್ಲೇ ಹಾಡಿದ್ದನ್ನು ಹಾಕಿಕೊಂಡರೆ ಮತ್ತೆ ಗದ್ದ ಮೇಲೇಳುತ್ತದೆ.

ರೆಕಾರ್ಡಿಂಗ್ ಅಂದಾಗ ಇವರು ಮುಖ ಸಿಂಡರಿಸಿದರು. ನಮ್ಮ ಧ್ವನಿ ನಮಗೆ ತಲೆಯ ಮೂಳೆಯ ಮೂಲಕವೂ ಕೇಳುವುದರಿಂದ ತುಂಬಿದಂತೆ ಕೇಳುತ್ತದೆ, ಫೋನಿನಲ್ಲಿ ಮೂಳೆಯ ಪಾಲು ಇಲ್ಲ, ತೆಳ್ಳಗೆ ಕೇಳುತ್ತದೆ. ಎಲ್ಲರಿಗೂ ಹಾಗೇ. ಫೋನನ್ನು ಒಂದು ಮೀಟರ್ ದೂರ ಇಟ್ಟು ಎರಡೇ ನಿಮಿಷ ರೆಕಾರ್ಡ್ ಮಾಡುವುದು, ಅವತ್ತು ಕೇಳದೆ ಮಾರನೇ ದಿನ ಕೇಳುವುದು. ಕೇಳುವಾಗ ಪ್ರಶ್ನೆ ಒಂದೇ ಇರಬೇಕು: ಈ ದಿನ ಶ್ರುತಿ, ನಾಳೆ ಲಯ. 'ಚೆನ್ನಾಗಿದೆಯಾ' ಅನ್ನುವ ಪ್ರಶ್ನೆಗೆ ಯಾವ ಅಭ್ಯಾಸವೂ ಉತ್ತರ ಕೊಡುವುದಿಲ್ಲ.

ಕೊನೆಗೆ ಒಂದು ಆಟ. ಸ, ರಿ, ಗ, ಪ ಈ ನಾಲ್ಕೇ ಸ್ವರ, ಅಕಾರದಲ್ಲಿ, ತಾಳವಿಲ್ಲದೆ. ಹೇಗೆ ಬೇಕಾದರೂ ಓಡಾಡಬಹುದು, ಆದರೆ ಪ್ರತಿ ಸಂಚಾರವೂ ಗಾಂಧಾರದ ಮೇಲೇ ನಿಲ್ಲಬೇಕು. ಹತ್ತು ಸಂಚಾರ, ಒಂದರಂತೆ ಇನ್ನೊಂದು ಇರಬಾರದು. 'ಆಲಾಪನೆ ಮಾಡಿ' ಅಂದರೆ ಗಂಟಲು ಕಟ್ಟುವವರೂ ಈ ಆಟಕ್ಕೆ ಇಳಿಯುತ್ತಾರೆ, ಯಾಕೆಂದರೆ ಎಲ್ಲಿ ಮುಗಿಸಬೇಕೆಂದು ಗೊತ್ತಿದೆ. ಐದು ಸ್ವರದ ಮೋಹನದಲ್ಲಿ ಎಲ್ಲಿಂದ ಎಲ್ಲಿಗೆ ಹಾರಿದರೂ ಕಿವಿಗೆ ಚುಚ್ಚುವುದಿಲ್ಲ. ತೋಡಿ ರಾಗದಲ್ಲಿ ಈ ಆಟ ಆಡಹೋದರೆ ಅಳು ಬರುತ್ತದೆ. ಇವರು ಆರನೆಯದರವರೆಗೆ ಹಳೆಯ ಗೀತೆಯ ತುಣುಕುಗಳನ್ನೇ ಹಾಡಿದರು. ಏಳನೆಯದು ಎಲ್ಲಿಂದಲೋ ಬಂತು.

ಮನೆಗೆ ಕೊಟ್ಟ ಕೆಲಸ ದಿನಕ್ಕೆ 20 ನಿಮಿಷ, ಒಂದು ನಿಮಿಷವೂ ಹೆಚ್ಚಿಲ್ಲ. "ಇನ್ನೂ ಹಾಡೋಣ ಅನ್ನಿಸಿದ್ರೆ?" "ಅನ್ನಿಸಿದಾಗಲೇ ನಿಲ್ಲಿಸಿ. ಉಳಿದದ್ದು ನಾಳೆಗೆ." ಬರೋದಿಲ್ಲ ಅಂತ ಹೇಳಲು ಬಂದಿದ್ದವರು ಮುಂದಿನ ವಾರ ಪಲ್ಲವಿ ಹಾಡಬಹುದಾ ಅಂತ ಕೇಳಿದರು. ಇನ್ನೆರಡು ವಾರ ಪಲ್ಲವಿಯ ಪುಟ ತೆಗೆಯುವ ಹಾಗಿಲ್ಲ ಅಂದದ್ದಕ್ಕೆ ತಲೆಯಾಡಿಸಿ, ಪುಸ್ತಕದ ಮೊದಲ ಪುಟದಲ್ಲಿ ಐದೂವರೆಯನ್ನು ಹೊಡೆದು ನಾಲ್ಕೂವರೆ ಅಂತ ಬರೆದುಕೊಂಡರು.

ಹೊರಟರು. ಒಳಗೆ ಇಲ್ಲಿನ ತಂಬೂರಿ ಇನ್ನೂ ಮೊಳಗುತ್ತಿತ್ತು. ಮೆಟ್ಟಿಲಿನಲ್ಲಿ ಗುನುಗು ಕೇಳಿಸಿತು, ಗ, ಗರಿ, ಸರಿಗ. ಗಾಂಧಾರ ತಂಬೂರಿಗೆ ಸರಿಯಾಗಿ ಕೂತಿತ್ತು. ರಿಷಭ ಮಾತ್ರ ಇನ್ನೂ ಒಂದಿಷ್ಟು ಕೆಳಗೆ.