ಒದ್ದಿ ತಲಿ ಹಿಕ್ಕಬಹುದೇನ್ರಿ?

ಕಲಬುರಗಿಯಲ್ಲಿ ಪಾರ್ಲರ್ ನಡೆಸುವ ನನಗೆ ದಿನಾ ಎದುರಾಗುವ ಪ್ರಶ್ನೆ ಇದು. ಐಬ್ರೋ ಮಾಡಿಸಲು ಬಂದವರೂ ಕುರ್ಚಿ ಬಿಟ್ಟೇಳುವ ಮುಂಚೆ ಕೇಳುತ್ತಾರೆ: "ಅಕ್ಕಾ, ಒದ್ದಿ ತಲಿ ಹಿಕ್ಕಿದ್ರ ಕೂದ್ಲ ಉದುರ್ತಾವಂತ, ಖರೇ ಏನು?"

ಉದುರುವುದಿಲ್ಲ, ಮುರಿಯುತ್ತವೆ. ಎರಡೂ ಬೇರೆ. ಹಣಗಿಗೆ ಸಿಕ್ಕ ಕೂದಲೊಂದನ್ನು ಬೆಳಕಿಗೆ ಹಿಡಿದು ನೋಡಿ. ಒಂದು ತುದಿಗೆ ಸಾಸಿವೆಗಿಂತ ಎಷ್ಟೋ ಸಣ್ಣದಾದ ಬಿಳಿ ಗಡ್ಡೆ ಇದ್ದರೆ, ಅದು ತನ್ನ ಕಾಲ ಮುಗಿಸಿ ಬುಡದಿಂದಲೇ ಬಂದದ್ದು. ದಿನಕ್ಕೆ 50ರಿಂದ 100 ಹೀಗೆ ಹೋಗುತ್ತವೆ, ಚಿಂತೆ ಬೇಡ. ಗಡ್ಡೆಯಿಲ್ಲದ ಗಿಡ್ಡ ತುಂಡುಗಳೇ ಸಿಗುತ್ತಿದ್ದರೆ ಮಾತ್ರ ನಿಮ್ಮ ಹಿಕ್ಕುವ ರೀತಿ ಬದಲಾಗಬೇಕು.

ನೀರು ಕುಡಿದ ಕೂದಲು ಉಬ್ಬುತ್ತದೆ. ಅದರ ಮೈಮೇಲೆ ಹೆಂಚು ಹೊದಿಸಿದಂತೆ ಕೂತ ಪೊರೆಗಳು ಅಂಚು ಎತ್ತುತ್ತವೆ. ಒಳಗಿನ ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳನ್ನು ಹಿಡಿದಿಟ್ಟ ಹೈಡ್ರೋಜನ್ ಬಂಧಗಳೆಂಬ ಸಣ್ಣ ಕೊಂಡಿಗಳೂ ನೀರಿಗೆ ಸಡಿಲವಾಗುತ್ತವೆ. ಅದಕ್ಕೇ ಒದ್ದೆ ಕೂದಲು ರಬ್ಬರಿನಂತೆ ಹಿಗ್ಗುವುದು. ಉದ್ದದ ಶೇ. 30ರಷ್ಟು ಹಿಗ್ಗಿದರೂ ಮತ್ತೆ ಮೊದಲಿನಂತಾದೀತು. ಅದನ್ನು ದಾಟಿದರೆ ಒಳಗೆ ಹರಿದದ್ದು ಕೂಡುವುದಿಲ್ಲ.

ಹೋದ ಚಳಿಗಾಲದಲ್ಲಿ ಏಳನೇ ಕ್ಲಾಸಿನ ಹುಡುಗಿಯೊಬ್ಬಳನ್ನು ತಾಯಿ ಕರೆತಂದಿದ್ದರು. ಶಾಲೆಗೆ ಎರಡು ಹೆಳಲು ಹಾಕಲೇಬೇಕು. ನಸುಕಿನಲ್ಲಿ ತಲೆ ಎರೆದು, ಟವೆಲ್‌ನಿಂದ ಗಸಗಸ ಉಜ್ಜಿ, ಬಸ್ಸಿಗೆ ಹೊತ್ತಾಯಿತೆಂದು ಸಣ್ಣ ಹಲ್ಲಿನ ಹಣಗಿಯನ್ನು ನೆತ್ತಿಯಿಂದ ಕೆಳಗೆ ಎಳೆದು, ಹಸಿ ಕೂದಲನ್ನೇ ಬಿಗಿಯಾಗಿ ಹೆಣೆಯುತ್ತಿದ್ದರಂತೆ. ನಾನು ಹಣಗಿ ಕೈಗೆತ್ತಿಕೊಂಡೆ, ಅಷ್ಟಕ್ಕೇ ಹುಡುಗಿ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದಳು. ಕರುಳು ಚುರ್ ಅಂದಿತು. ಬೈತಲೆಯ ಎರಡೂ ಬದಿಗೆ ಬೆರಳುದ್ದದ ಮುರುಕು ಕೂದಲು ನಿಂತಿದ್ದವು.

ತುದಿಯಿಂದ ಶುರು ಮಾಡಿದೆ. ಎಳೆತ ಬುಡಕ್ಕೆ ತಾಗದಂತೆ ಒಂದು ಗೇಣು ಮೇಲೆ ಎಡಗೈ ಮುಷ್ಟಿಯಲ್ಲಿ ಕೂದಲು ಹಿಡಿದು, ಅಗಲ ಹಲ್ಲಿನ ಹಣಗಿಯಿಂದ ಕೊನೆಯ ನಾಲ್ಕು ಬೆರಳಿನಷ್ಟು ಬಿಡಿಸಿದೆ. ಆಮೇಲೆ ಇನ್ನು ನಾಲ್ಕು ಬೆರಳು ಮೇಲಕ್ಕೆ. ಹಣಗಿ ತಡೆದಲ್ಲಿ ಜಗ್ಗಲಿಲ್ಲ, ಹೊರಗೆ ತೆಗೆದು ಬೆರಳಿನಿಂದಲೇ ಸಿಕ್ಕು ಸಡಿಲಿಸಿದೆ. ನೆತ್ತಿಯಿಂದ ಎಳೆದರೆ ಹತ್ತು ಸಣ್ಣ ಸಿಕ್ಕುಗಳು ಕೆಳಗಿಳಿದು ಒಂದೇ ಗಂಟಾಗಿ ಕೂರುತ್ತವೆ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂ.ಮೀ.; ಅವಳದು 60 ಸೆಂ.ಮೀ. ಇತ್ತು. "ಈ ತುದಿ ನೀ ಎರಡನೇ ಕ್ಲಾಸಿನ್ಯಾಗ ಇದ್ದಾಗ ಹುಟ್ಟಿದ್ದವ್ವಾ" ಅಂದೆ. ಕಣ್ಣು ತೆರೆದು, ತುದಿಯನ್ನು ಅಂಗೈಯಲ್ಲಿಟ್ಟು ನೋಡಿಕೊಂಡಳು.

ತಾಯಿಗೆ ಹೇಳಿದ್ದಿಷ್ಟು: ರಜೆಯ ದಿನ ಎರೀರಿ. ಒಣ ತಲೆಯ ಸಿಕ್ಕನ್ನು ಎರೆಯುವ ಮುಂಚೆಯೇ ಬಿಡಿಸಿ. ಹಳೆಯ ಕಾಟನ್ ಸೀರೆಯ ತುಂಡಿನಿಂದ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ಮುಕ್ಕಾಲು ಪಾಲು ಆರಿದ ಮೇಲೆ ಹಿಕ್ಕಿರಿ, ಪೂರಾ ಆರಿದ ಮೇಲೆ ಹೆಳಲು ಹಾಕಿರಿ.

ಗುಂಗುರು ಕೂದಲಿನವರಿಗೆ ನಾನು ಹೇಳುವುದು ಇದಕ್ಕೆ ಉಲ್ಟಾ. ಒಣಗಿದಾಗ ಹಿಕ್ಕಿದರೆ ಸುರುಳಿಗಳು ಒಂದಕ್ಕೊಂದು ತೊಡರಿ ಮುರಿಯುತ್ತವೆ. ಒದ್ದೆ ಇರುವಾಗಲೇ ಕಂಡಿಷನರ್ ಹಚ್ಚಿ, ಆ ಜಾರಿಕೆಯಲ್ಲಿ ಅಗಲ ಹಲ್ಲಿನ ಹಣಗಿ ಆಡಿಸಬೇಕು. ಅವರಿಗೂ ತುದಿಯಿಂದಲೇ.

ಒಣ ತಲೆಗೇನೂ ಆಗುವುದಿಲ್ಲ ಅಂದುಕೊಳ್ಳಬೇಡಿ. ಬಿಸಿಲು 40 ಡಿಗ್ರಿ ದಾಟುವ ನಮ್ಮೂರಿನ ಒಣ ಹವೆಯಲ್ಲಿ ಕೂದಲು ಪ್ಲಾಸ್ಟಿಕ್ ಹಣಗಿಗೆ ಚಟಚಟ ಅಂಟುತ್ತವೆ. ಅಂಗೈಗೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿಕೊಂಡು ಕೂದಲಿನ ಮೇಲೆ ಆಡಿಸಿ, ಆಮೇಲೆ ಕಟ್ಟಿಗೆ ಹಣಗಿ ಹಿಡಿಯಿರಿ. ಎರೆಯುವ ಮುಂಚೆ ಎಣ್ಣೆ ಹಚ್ಚುವ ನಮ್ಮ ಅಜ್ಜಿಯರ ರೂಢಿಯೂ ಸರಿಯಾದದ್ದೇ: 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೊಬ್ಬರಿ, ಸೂರ್ಯಕಾಂತಿ ಮತ್ತು ಮಿನರಲ್ ಎಣ್ಣೆಗಳನ್ನು ಹೋಲಿಸಿದಾಗ ಕೂದಲಿನ ಪ್ರೋಟೀನ್ ನಷ್ಟ ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ. ದಿನಕ್ಕೆ ನೂರು ಸಲ ಹಿಕ್ಕಿದರೆ ಕೂದಲು ಬೆಳೆಯುತ್ತದೆಂಬ ಮಾತು ಮಾತ್ರ ಬಿಟ್ಟುಬಿಡಿ, ತಿಕ್ಕಾಟದಿಂದ ಪೊರೆ ಸವೆಯುತ್ತದೆ.

ನೀರಿನದೂ ಒಂದು ಮಾತಿದೆ. ಸುಣ್ಣದ ಕಲ್ಲಿನ ಸೀಮೆ ನಮ್ಮದು, ಮನೆಗೆ ಹಾಸುವ ಶಹಾಬಾದ್ ಪರ್ಶಿ ಕಲ್ಲು ಬರುವ ನೆಲ. ಆ ಸುಣ್ಣ ನೀರಿಗೂ ಇಳಿದಿರುತ್ತದೆ. ಬಕೆಟ್ಟಿನ ಅಂಚಿಗೆ ಬಿಳಿ ಗೆರೆ ಬಿಡುವ ಬೋರಿನ ನೀರಿನಲ್ಲಿ ಮೈ ಸೋಪನ್ನೇ ತಲೆಗೆ ಹಚ್ಚಿದರೆ ಅಂಟು ಕೂತು ಕೂದಲು ಒರಟಾಗುತ್ತದೆ, ಸಿಕ್ಕೂ ಹೆಚ್ಚುತ್ತದೆ.

ಶರಣಬಸವೇಶ್ವರ ಜಾತ್ರೆ ಮುಗಿದ ವಾರ ಆ ಹುಡುಗಿ ಮತ್ತೆ ಬಂದಿದ್ದಳು. ಕೈಯಲ್ಲಿ ಜಾತ್ರೆಯಲ್ಲಿ ಕೊಂಡ ಕಟ್ಟಿಗೆ ಹಣಗಿ. ಈಗ ತಾನೇ ಹಿಕ್ಕಿಕೊಳ್ಳುತ್ತಾಳಂತೆ. ನೋಟ್‌ಬುಕ್ಕಿನ ಹಾಳೆಯಲ್ಲಿ ಜೋಪಾನವಾಗಿ ಮಡಚಿ ತಂದಿದ್ದ ಒಂದೇ ಒಂದು ಉದ್ದ ಕೂದಲನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಅಕ್ಕಾ, ಇದಕ್ಕ ಗಡ್ಡಿ ಅದ ನೋಡ್ರಿ."