ಅಟ್ಟದ ಪೆಟ್ಟಿಗೆ ಬಿಡಿ, ನೋಂದಣಿ ಪುಸ್ತಕ ತೆರೆಯಿರಿ

ಅಮೆರಿಕದ ದಕ್ಷಿಣ ರಾಜ್ಯಗಳ ಕೌಟುಂಬಿಕ ಕಾದಂಬರಿಗೆ ಸವೆದ ಜಾಡೊಂದಿದೆ: ಯಾರೋ ಸಾಯುತ್ತಾರೆ, ಊರು ಬಿಟ್ಟವಳು ವಾಪಸು ಬರುತ್ತಾಳೆ, ಅಟ್ಟದ ಪೆಟ್ಟಿಗೆಯಲ್ಲಿ ಪತ್ರಗಳ ಕಟ್ಟು ಸಿಕ್ಕಿ ಗುಟ್ಟು ರಟ್ಟಾಗುತ್ತದೆ. ಆ ಕಟ್ಟೇ ಕಥೆಯ ಸಡಿಲ ಕೊಂಡಿ. ಮುಚ್ಚಿಡಬೇಕೆಂದವರು ಪತ್ರಗಳನ್ನು ಎಂದೋ ಸುಟ್ಟಿರುತ್ತಾರೆ. ಜಮೀನಿನ ದಾಖಲೆಯನ್ನು ಹಾಗೆ ಸುಡಲಾಗದು. ಇಂಥ ಕಾದಂಬರಿ ಬರೆಯಹೊರಟವರು ಗುಟ್ಟನ್ನು ಅಲ್ಲೇ ಇಡಿ.

ಅಲಬಾಮಾವನ್ನೇ ತೆಗೆದುಕೊಳ್ಳಿ. ಅಲ್ಲಿ ಕ್ರಯಪತ್ರಗಳು ನೋಂದಣಿಯಾಗುವುದು ಕೌಂಟಿಯ (ಅಂದರೆ ಜಿಲ್ಲೆಯ) ಪ್ರೊಬೇಟ್ ನ್ಯಾಯಾಧೀಶರ, ಎಂದರೆ ಉಯಿಲು-ವಾರಸಿನ ವ್ಯವಹಾರ ನೋಡುವವರ, ಕಚೇರಿಯಲ್ಲಿ. ಯಾರು ಬೇಕಾದರೂ ಹೋಗಿ ನೋಡಬಹುದು. ಕೊಟ್ಟವರ ಹೆಸರಿನ ಸೂಚಿಯೊಂದು, ಪಡೆದವರದ್ದೊಂದು. ನಿಮ್ಮ ನಾಯಕಿ ತಾತನ ಹೆಸರು ಹಿಡಿದು ಹುಡುಕಲಿ: 1966ರಲ್ಲಿ ಐದು ಎಕರೆ, ಬೆಲೆ ‘ಒಂದು ಡಾಲರ್ ಹಾಗೂ ಪ್ರೀತಿ ವಾತ್ಸಲ್ಯ’. ಮನೆಯವರಿಗೆ ಬರೆದುಕೊಡುವ ದಾನಪತ್ರಗಳಲ್ಲಿ ಇದು ಮಾಮೂಲಿ ಒಕ್ಕಣೆ. ಆದರೆ ಈ ಬಿಳಿಯರ ಕುಟುಂಬದಿಂದ ನೆಲ ಪಡೆದವಳು ಕೈಗೂಸಿರುವ ಕಪ್ಪು ಮಹಿಳೆ.

ಇಸವಿಯನ್ನು ಸುಮ್ಮನೆ ಆರಿಸಬೇಡಿ. ಬಿಳಿಯರು ಮತ್ತು ಕಪ್ಪುಜನರ ನಡುವಣ ಮದುವೆಯನ್ನು ನಿಷೇಧಿಸುವ ಕಾನೂನುಗಳನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 1967ರ ಜೂನ್‌ನಲ್ಲಿ. 1966ರ ಮೌನಕ್ಕೆ ಕಾನೂನಿನ ನೆಪವಿದೆ. 1976ರ ಮೌನಕ್ಕೆ ಮನೆಯವರೇ ಹೊಣೆ. ಮೊದಲು ಗುಟ್ಟಿನ ಇಸವಿ ಗೊತ್ತುಮಾಡಿ, ಆಮೇಲೆ ಎಲ್ಲರ ವಯಸ್ಸು ಕಟ್ಟಿ. ಉಲ್ಟಾ ಮಾಡಿದವರ ಕಥೆಯಲ್ಲಿ ತಾತ ಹನ್ನೆರಡಕ್ಕೇ ತಂದೆಯಾಗಿರುತ್ತಾನೆ.

ಇನ್ನು ಡಿಎನ್‌ಎ. ಎಂಜಲಿನ ಕಿಟ್ ಬಂದ ಮೇಲೆ ಗುಟ್ಟಿನ ಕಾದಂಬರಿಗೆ ಉಳಿಗಾಲವಿಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ, ಆ ಕಿಟ್ ಗಂಟನ್ನು ಇನ್ನಷ್ಟು ಬಿಗಿ ಮಾಡಬಲ್ಲದು. ಆ ಕೂಸು ತಾತನ ಮಗಳೋ, ದೊಡ್ಡಪ್ಪನ ಮಗಳೋ? ತಾತನ ಮಗಳಾದರೆ ನಾಯಕಿಗೆ ಮಲ-ಅತ್ತೆ (ತಂದೆಯ ಬೇರೆ ತಾಯಿಯ ತಂಗಿ), ದೊಡ್ಡಪ್ಪನ ಮಗಳಾದರೆ ಅಕ್ಕ. ಎರಡಕ್ಕೂ ಡಿಎನ್‌ಎ ಹೊಂದಿಕೆ ಸುಮಾರು 12.5%. ನಾಯಕಿಯ ತಂದೆಯನ್ನೇ ಪರೀಕ್ಷಿಸೋಣವೆಂದರೆ ಮಲತಂಗಿಯಾದರೂ 25%, ಅಣ್ಣನ ಮಗಳಾದರೂ 25%. ಗಂಟು ಬಿಚ್ಚುವುದು ಅಜ್ಜಿಯ ತವರಿನವರಿಂದ. ಆಕೆ ದೊಡ್ಡಪ್ಪನ ಮಗಳಾಗಿದ್ದರೆ ಅಜ್ಜಿಯ ರಕ್ತವೂ ಇರುತ್ತದೆ, ತವರಿನ ಹತ್ತಿರದ ನಂಟರೊಂದಿಗೆ ಹೊಂದಿಕೆ ಬರುತ್ತದೆ. ತಾತನ ಮಗಳಾಗಿದ್ದರೆ ಬರುವುದಿಲ್ಲ. ಅಂದರೆ ಈ ಮನೆಯ ಮೇಲೆ ಮುನಿಸಿಕೊಂಡಿರುವ ಅಜ್ಜಿಯ ಮುದಿ ತಮ್ಮನನ್ನು ಟ್ಯೂಬಿಗೆ ಉಗುಳುವಂತೆ ಒಪ್ಪಿಸಬೇಕು. ಮೂರು ಅಧ್ಯಾಯಕ್ಕಾಗುವಷ್ಟು ಸರಕು ಅದರಲ್ಲೇ ಇದೆ.

ವಾಪಸು ಬಂದವಳು ಉಳಿಯುವುದೇಕೆ? ಅಂತ್ಯಕ್ರಿಯೆಗೆ ನಾಲ್ಕು ದಿನ ಸಾಕು. ಅವಳನ್ನು ಕಟ್ಟಿಹಾಕುವುದು ಉಯಿಲಿಲ್ಲದ ಜಮೀನು. ತಲೆಮಾರು ದಾಟಿದಂತೆ ವಾರಸುದಾರರು ಹೆಚ್ಚುತ್ತಾರೆ, ಎಲ್ಲರದ್ದೂ ಅವಿಭಜಿತ ಪಾಲು. ಅದರ ಮೇಲೆ ಸಾಲ ಹುಟ್ಟುವುದು ಕಷ್ಟ, ಒಬ್ಬ ಪಾಲುದಾರ ಕೋರ್ಟಿಗೆ ಹೋದರೂ ಇಡೀ ಆಸ್ತಿ ಹರಾಜಿಗೆ ಬರಬಹುದು. ಕಪ್ಪುಜನರ ಎಷ್ಟೋ ಕುಟುಂಬಗಳು ನೆಲ ಕಳೆದುಕೊಂಡದ್ದು ಹೀಗೆಯೇ, ಹಾಗಾಗಿ ಆ ಐದು ಎಕರೆಗೂ ಇದೇ ಅಪಾಯವಿದೆ. ಅಲಬಾಮಾ 2014ರಲ್ಲಿ ಕಾಯ್ದೆ ತಂದು, ಮೊದಲು ಮೌಲ್ಯಮಾಪನ ಆಗಬೇಕು, ಮಾರಾಟ ಕೇಳಿದವರ ಪಾಲನ್ನು ಉಳಿದವರು ಕೊಳ್ಳಲು ಅವಕಾಶ ಸಿಗಬೇಕು ಎಂದಿತು. ಕಥೆ 2013ರದ್ದೋ 2018ರದ್ದೋ ಎಂಬುದರ ಮೇಲೆ ಕೋರ್ಟಿನ ದೃಶ್ಯವೇ ಬದಲಾಗುತ್ತದೆ.

2018ರ ಕಥೆಯಲ್ಲಿ ಆ ಕೂಸು ಐವತ್ತು ದಾಟಿದ ಹೆಂಗಸು. ಅವಳಿಗೆ ಎಲ್ಲವೂ ಮೊದಲಿನಿಂದ ಗೊತ್ತಿರಲಿ. ಬಿಳಿ ನಾಯಕಿಗೆ ಜ್ಞಾನೋದಯ ಮಾಡಿಸಲೆಂದೇ ಹುಟ್ಟಿದ ಪಾತ್ರಗಳನ್ನು ಓದಿ ಸಾಕಾಗಿದೆ. ಅವಳ ತಾಯಿ ಸುಮ್ಮನಿದ್ದದ್ದಕ್ಕೆ ಕಾರಣ ಬೇರೆ, ತಾತ ಸುಮ್ಮನಿದ್ದದ್ದಕ್ಕೆ ಬೇರೆ. ಹೆಸರು ಹಿಡಿದು ಕರೆಯುವುದರಲ್ಲೂ ಎಚ್ಚರ ಬೇಕು: ಆ ಕಾಲದ ಬಿಳಿಯರು ವಯಸ್ಸಾದ ಕಪ್ಪುಜನರನ್ನೂ ಬರೀ ಹೆಸರಿನಿಂದ ಕರೆಯುತ್ತಿದ್ದರು. ‘ಮಿಸ್ ಹ್ಯಾಮಿಲ್ಟನ್’ ಎನ್ನದ ಹೊರತು ಉತ್ತರಿಸುವುದಿಲ್ಲ ಎಂದ ಕಪ್ಪು ಹೋರಾಟಗಾರ್ತಿ ಮೇರಿ ಹ್ಯಾಮಿಲ್ಟನ್ ಅವರಿಗೆ ಅಲಬಾಮಾದ ಕೋರ್ಟು ಶಿಕ್ಷೆ ವಿಧಿಸಿತ್ತು. 1964ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು.

ಪರಿಸರದ ವರ್ಣನೆ ಕಮ್ಮಿ ಇದ್ದಷ್ಟೂ ಒಳ್ಳೆಯದು, ಇರುವಷ್ಟು ಸರಿಯಿರಲಿ. ಹತ್ತಿ ಬಿಡಿಸುವುದು ಶರತ್ಕಾಲದಲ್ಲಿ, ಮೇ ತಿಂಗಳಲ್ಲಲ್ಲ. ಅಲ್ಲಿ ಎಲ್ಲೆಂದರಲ್ಲಿ ಹಬ್ಬುವ ಕಡ್ಜು ಬಳ್ಳಿ ಚಳಿಗಾಲದ ಹೆಪ್ಪುಗಟ್ಟಿದ ಇಬ್ಬನಿಗೆ ಎಲೆ ಉದುರಿಸುತ್ತದೆ, ಜನವರಿಯ ಅಂತ್ಯಕ್ರಿಯೆಗೆ ಅದರ ಹಸಿರು ಸಿಗದು. ನನ್ನನ್ನು ಕೇಳಿದರೆ ಜನವರಿಯೇ ಅನುಕೂಲ: ಬಳ್ಳಿ ಬೋಳಾಗಿರುವಾಗಲೇ ಸರ್ವೆಯವನಿಗೆ ಆ ಐದು ಎಕರೆಯ ಗಡಿಗೂಟಗಳು ಸಲೀಸಾಗಿ ಕಾಣುವುದು.