ನೀರು ಹಾಯಿಸದ ಹೊಲದಲ್ಲಿ ಅಪ್ಪ

ಗ್ರೀಸಿನ ಸ್ಯಾಂಟೊರಿನಿ ದ್ವೀಪದಲ್ಲಿ ನಮಗೆ ಸಿಕ್ಕಿದ್ದು ಜೂನ್ ತಿಂಗಳ ಒಂದೇ ಹಗಲು. ಹಡಗಿನಿಂದ ಇಳಿದು ಅರ್ಧ ದಿನ ಸುತ್ತಾಡಲು ಖಾಸಗಿ ಕಾರನ್ನು ಮೈಸೂರಿನಿಂದಲೇ ಗೊತ್ತುಮಾಡಿದ್ದೆ. ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ನಾವೇ ತೀರ್ಮಾನಿಸಬಹುದಾಗಿತ್ತು. ಮಂಡ್ಯದ ನಾಲಾ ಬಯಲಿನಲ್ಲಿ ಐವತ್ತು ವರ್ಷ ಭತ್ತ, ಕಬ್ಬು ಬೆಳೆದ ನನ್ನ ಅಪ್ಪನಂಥವರಿಗೆ ಅದೇ ಸರಿಯೆನಿಸಿತ್ತು.

ಆದರೆ ಗೊತ್ತುಮಾಡಿದ ಐದು ಗಂಟೆಯಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಸಾಲಿನಲ್ಲೇ ಕಳೆಯಿತು. ದೊಡ್ಡ ಹಡಗುಗಳು ಅಲ್ಲಿ ದಡಕ್ಕೆ ಬರುವುದಿಲ್ಲ; ದೋಣಿಯಲ್ಲಿ ಹಳೆಯ ಬಂದರಿಗೆ ಹೋಗಿ, ಅಲ್ಲಿಂದ ಬಂಡೆಯ ನೆತ್ತಿಯಲ್ಲಿರುವ ಫಿರಾ ಪಟ್ಟಣಕ್ಕೆ ಕೇಬಲ್ ಕಾರಿನಲ್ಲಿ ಏರಬೇಕು, ಇಲ್ಲವೇ ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. ಕಾರಿನ ಏರ್ಪಾಡು ಮಾಡಿದವರು ಆ ಹೊತ್ತನ್ನೂ ನಮ್ಮ ಲೆಕ್ಕಕ್ಕೇ ಹಿಡಿದರು. ಕಾರು ಹತ್ತಿದ ಮೇಲಷ್ಟೇ ವೇಳೆ ಎಣಿಸುವುದಾಗಿ ಮೊದಲೇ ಬರೆಸಿಕೊಳ್ಳಿ. ಪ್ರವೇಶ ಶುಲ್ಕ ಸೇರಿದೆಯೇ ಎಂದೂ ಕೇಳಿಕೊಳ್ಳಿ. ನಾನು ಎರಡನ್ನೂ ಕೇಳಿರಲಿಲ್ಲ.

ಹೋದ ಹೊತ್ತಿಗಾಗಿ ಇಯಾ ಊರನ್ನು ಕೈಬಿಟ್ಟೆವು. ನೀಲಿ ಗುಮ್ಮಟದ ಮುಂದೆ ಫೋಟೊಗಾಗಿ ಕಾಯುವುದಕ್ಕಿಂತ ಅಕ್ರೊತಿರಿಯ ಉತ್ಖನನವೇ ನನಗೆ ಮುಖ್ಯವಾಗಿತ್ತು. ಸುಮಾರು 3600 ವರ್ಷಗಳ ಹಿಂದೆ ಇಲ್ಲಿನ ಜ್ವಾಲಾಮುಖಿ ಸಿಡಿದು, ದ್ವೀಪದ ನಡುಭಾಗ ಕುಸಿದು ಸಮುದ್ರದ ಪಾಲಾದಾಗ ಬೂದಿಯಡಿ ಹೂತುಹೋದ ಈ ಪಟ್ಟಣವನ್ನು 1967ರಿಂದ ಅಗೆದು ತೆಗೆಯಲಾಗಿದೆ. ಅದರೊಳಗೆ ಮನುಷ್ಯರ ಅಸ್ಥಿಪಂಜರಗಳು ಸಿಕ್ಕಿಲ್ಲ. ಜನ ಮೊದಲೇ ಊರು ಬಿಟ್ಟಿದ್ದರೆಂದು ಹೇಳುತ್ತಾರೆ. ಕಲ್ಲು ಹಾಸಿದ ಬೀದಿಯ ಕೆಳಗಿನ ಚರಂಡಿಯನ್ನು ನಾನು ನೋಡುತ್ತಿದ್ದರೆ, ಅಪ್ಪ ಸಾಲಾಗಿ ನಿಂತ ದೊಡ್ಡ ಮಣ್ಣಿನ ಗುಡಾಣಗಳ ಮುಂದೆ ನಿಂತು, ಯಾವುದರಲ್ಲಿ ಎಷ್ಟು ಪಲ್ಲ ಕಾಳು ಹಿಡಿದೀತೆಂದು ಅಂದಾಜು ಮಾಡುತ್ತಿದ್ದರು.

ದಾರಿಯಲ್ಲಿ ಅಪ್ಪ ಇದ್ದಕ್ಕಿದ್ದಂತೆ ಕಾರು ನಿಲ್ಲಿಸಲು ಹೇಳಿದರು. ಬೂದುಬಣ್ಣದ ಬರಡು ನೆಲದ ಮೇಲೆ ಹಸಿರು ಬುಟ್ಟಿಗಳನ್ನು ಇಟ್ಟಂತೆ ಏನೋ ಕಾಣುತ್ತಿತ್ತು.

“ಇದೇನವ್ವ, ಕುಕ್ಕೆ ಎಣೆದು ಮಡಗವ್ರಲ್ಲ?”

ಅವು ದ್ರಾಕ್ಷಿ ಬಳ್ಳಿಗಳು. ಬಿರುಗಾಳಿಗೆ ಗೊಂಚಲು ಹಾಳಾಗದಂತೆ ಬಳ್ಳಿಯನ್ನೇ ನೆಲದ ಮೇಲೆ ಸುರುಳಿಯಾಗಿ ಹೆಣೆದು, ಕಾಯಿ ಒಳಗಡೆ ನಿಲ್ಲುವಂತೆ ಮಾಡುತ್ತಾರೆ. ನಮ್ಮ ಚಾಲಕರು ದ್ರಾಕ್ಷಿ ಬೆಳೆಯುವ ಮನೆತನದವರೇ ಆಗಿದ್ದರು. ಅಪ್ಪ ಮಂಡಿಯೂರಿ ಕುಳಿತು ಎಲೆಗಳನ್ನು ಸರಿಸಿದಾಗ ಒಳಗೆ ಕಾಳುಮೆಣಸಿನ ಗಾತ್ರದ ಹಸಿರು ಕಾಯಿಗಳಿದ್ದವು.

“ನೀರು ಎಲ್ಲಿಂದ ಕಟ್ತಾರೆ, ಕೇಳವ್ವ.”

ನೀರು ಕಟ್ಟುವುದೇ ಇಲ್ಲವೆಂದರು ಚಾಲಕರು. ಬೇಸಿಗೆಯಲ್ಲಿ ಮಳೆಯಿಲ್ಲ, ದ್ವೀಪದಲ್ಲಿ ಹೊಳೆಯೂ ಇಲ್ಲ. ರಾತ್ರಿ ಸಮುದ್ರದಿಂದ ಬರುವ ತೇವವನ್ನು ಜ್ವಾಲಾಮುಖಿಯ ರಂಧ್ರಮಯ ಕಲ್ಲುಪುಡಿ ಹೀರಿಟ್ಟುಕೊಂಡು ಬೇರಿಗೆ ಕೊಡುತ್ತದೆ. ನನ್ನ ಅನುವಾದದ ಮೇಲೆ ಅಪ್ಪನಿಗೆ ನಂಬಿಕೆ ಬರಲಿಲ್ಲ. ಇನ್ನೊಮ್ಮೆ ಕೇಳಿಸಿದರು. ಬುಡದ ವಯಸ್ಸೆಷ್ಟೆಂದು ವಿಚಾರಿಸಿದಾಗ, ಇಳುವರಿ ಕುಗ್ಗಿದ ಬುಟ್ಟಿಯನ್ನು ಕತ್ತರಿಸಿ ಹಾಕಿ ಅದೇ ಬೇರಿನ ಹೊಸ ಚಿಗುರಿನಿಂದ ಮತ್ತೆ ಬುಟ್ಟಿ ಹೆಣೆಯುತ್ತಾರೆಂದೂ, ಈ ಬೇರು ತಮ್ಮ ಅಜ್ಜನಿಗಿಂತ ಹಳೆಯದೆಂದೂ ಅವರು ಹೇಳಿದರು.

“ನಮ್ಮ ಕೂಳೆ ಕಬ್ಬಿನಂಗೆ!” ಎಂದ ಅಪ್ಪನ ಮುಖ ಅರಳಿತು. ಕೂಳೆಯೆಂದರೇನೆಂದು ಇಂಗ್ಲಿಷಿನಲ್ಲಿ ವಿವರಿಸಲು ನಾನು ತಡವರಿಸುತ್ತಿದ್ದಾಗ, ಅಪ್ಪನೇ ಕೈಯಿಂದ ಕೊಯ್ದು, ಬೆರಳುಗಳನ್ನು ಮೇಲಕ್ಕೆ ಚಿಗುರಿಸಿ ತೋರಿಸಿದರು. ಚಾಲಕರಿಗೆ ಅರ್ಥವಾಯಿತು.

ಆಮೇಲೆ ಅವರ ಸರದಿ. ನಿಮ್ಮ ಪೈರಿಗೆ ನೀರು ಎಲ್ಲಿಂದ ಬರುತ್ತದೆಂದು ಕೇಳಿದರು. ಅಪ್ಪ ಕನ್ನಂಬಾಡಿ, ವಿಶ್ವೇಶ್ವರಯ್ಯ ನಾಲೆ, 124.80 ಅಡಿ ಎಂದು ಒಂದೇ ಉಸಿರಿಗೆ ಹೇಳಿದರು. ಅಷ್ಟು ತುಂಬದಿದ್ದರೆ? ಅಪ್ಪ ಉತ್ತರಿಸಲಿಲ್ಲ. 2023ರಲ್ಲಿ ಕಟ್ಟೆ ತುಂಬದೆ ಹೋದಾಗ ನಮ್ಮ ಮೂರು ಎಕರೆ ಗದ್ದೆ ಬೀಳು ಬಿದ್ದುದನ್ನು ನಾನೂ ಅನುವಾದಿಸಲಿಲ್ಲ. ಹಗುರವಾದೊಂದು ಕಲ್ಲನ್ನೆತ್ತಿಕೊಂಡು ಅಪ್ಪ ಅದರ ತೂತುಗಳನ್ನು ಉಗುರಿನಿಂದ ಮುಟ್ಟಿ ಮುಟ್ಟಿ ನೋಡಿ, ಅದನ್ನು ಬಳ್ಳಿಯ ಬುಡಕ್ಕೇ ಮರಳಿ ಇಟ್ಟರು.

ಊಟಕ್ಕೆ ಫಾವಾ ಎಂಬ ಹಳದಿ ಬೇಳೆಯ ಗಟ್ಟಿ ಅಡುಗೆ ಬಂದಿತು. ಈರುಳ್ಳಿ, ಆಲಿವ್ ಎಣ್ಣೆ ಹಾಕಿದ ಅದು ನಮ್ಮ ತೊವ್ವೆಯ ತಂಗಿಯಂತಿತ್ತು. ಪ್ರವಾಸದುದ್ದಕ್ಕೂ ನಾನು ಇಷ್ಟಪಟ್ಟು ಉಂಡ ಊಟ ಅದೊಂದೇ.

ರಾತ್ರಿ ಹಡಗಿನಲ್ಲಿ ಫೋನಿಗೆ ಸಿಗ್ನಲ್ ಸಿಕ್ಕಿದೊಡನೆ ಅಪ್ಪ ಊರಿನಲ್ಲಿದ್ದ ಚಿಕ್ಕಪ್ಪನಿಗೆ ಕರೆ ಮಾಡಿದರು. ನಾನು ದ್ವೀಪದ ವರ್ಣನೆ ಶುರುವಾಗುತ್ತದೆಂದು ಕಾದಿದ್ದೆ.

“ಕನ್ನಂಬಾಡೀಲಿ ಇವತ್ತು ಎಷ್ಟಡಿ ಐತ್ಲಾ?” ಎಂದರು.